‘ಯಾಕೆ?’ ಎಂದು ಕೇಳುವ ಮಕ್ಕಳಿಗೆ ನಿಜ ಹೇಳೋಣ



ಗೌರಿ-ಗಣೇಶ ಹಬ್ಬ ಮುಗಿಯಿತು. ನವರಾತ್ರಿ ಹತ್ತಿರ ಬಂತು, ಅದರ ಬೆನ್ನಿಗೇ ದೀಪಾವಳಿ. ವರ್ಷದ ಈ ಕೆಲವು ತಿಂಗಳು ನಮ್ಮ ಮನೆಗಳಲ್ಲಿ ಪೂಜೆ, ಅಡುಗೆ, ರಂಗೋಲಿಗಳ ಜೊತೆಗೆ ಮಕ್ಕಳ ಪ್ರಶ್ನೆಗಳೂ ಹೆಚ್ಚುತ್ತವೆ. ಗಣಪತಿಗೆ ಗರಿಕೆ ಯಾಕೆ? ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಯಾಕೆ? ತಿಥಿಯ ದಿನ ಆಲೂಗಡ್ಡೆ ಪಲ್ಯ ಯಾಕಿಲ್ಲ? ಅಕ್ಕ ಇವತ್ತು ದೇವರ ಕೋಣೆಗೆ ಯಾಕೆ ಬರುವಂತಿಲ್ಲ? ‘ನಮ್ಮ ಜಾತಿ ಯಾವುದು?’ ಎಂಬ ಪ್ರಶ್ನೆಯೂ ಯಾವಾಗಲೋ ಒಮ್ಮೆ ಬಂದೇ ಬರುತ್ತದೆ.

ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳಿವೆ. ಮೊದಲನೆಯದು, “ಹಾಗೆಲ್ಲ ಕೇಳಬಾರದು.” ಎರಡನೆಯದು, “ಮೊದಲಿನಿಂದ ನಡೆದು ಬಂದಿದೆ.” ಮೂರನೆಯದು ಈಚೆಗೆ ವಾಟ್ಸ್ಯಾಪ್ ಗುಂಪುಗಳಲ್ಲಿ ಬಹಳ ಜನಪ್ರಿಯವಾಗಿರುವುದು: “ಇದರ ಹಿಂದೆ ದೊಡ್ಡ ವಿಜ್ಞಾನ ಇದೆ.” ಮೊದಲ ಎರಡು ಉತ್ತರಗಳು ಮಕ್ಕಳಿಗೆ ಸಾಲುವುದಿಲ್ಲವೆಂದು ನಮಗೆಲ್ಲ ಗೊತ್ತು. ಮೂರನೆಯದು ಮಾತ್ರ ಒಳ್ಳೆಯ ಉತ್ತರವೆಂದು ನಾವು ನಂಬಿಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ.

ಯಾಕೆಂದು ಹೇಳುತ್ತೇನೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ಮಾತನ್ನೇ ತೆಗೆದುಕೊಳ್ಳಿ. “ಭೂಮಿಗೆ ಕಾಂತಶಕ್ತಿ ಇದೆ, ನಮ್ಮ ರಕ್ತದಲ್ಲಿ ಕಬ್ಬಿಣ ಇದೆ, ಉತ್ತರ ಧ್ರುವ ಆ ಕಬ್ಬಿಣವನ್ನು ತಲೆಯ ಕಡೆಗೆ ಎಳೆಯುತ್ತದೆ” ಎಂದು ನಾವು ವಿವರಿಸುತ್ತೇವೆ. ಕೇಳಲು ಚೆನ್ನಾಗಿದೆ. ಆದರೆ ರಕ್ತದಲ್ಲಿರುವ ಕಬ್ಬಿಣ ಮೊಳೆಯಂತೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣವಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ. ಅದು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಹೆಚ್ಚು. ಭೂಮಿಯ ಕಾಂತಶಕ್ತಿಯೇ ನಮ್ಮ ರಕ್ತವನ್ನು ಎಳೆಯುವುದಾದರೆ ಎಂಆರ್‌ಐ ಮಾಡಿಸಿಕೊಂಡವರ ಗತಿ ಏನಾಗಬೇಕಿತ್ತು? ಎಂಟನೇ ತರಗತಿಯ ಮಗು ಇದನ್ನು ಅರ್ಧ ನಿಮಿಷದಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿ ತಿಳಿದುಕೊಳ್ಳುತ್ತದೆ. ಆಮೇಲೆ ಅದು ಆ ಒಂದು ಮಾತನ್ನಷ್ಟೇ ತಳ್ಳಿಹಾಕುವುದಿಲ್ಲ. “ಅಪ್ಪ ಅಮ್ಮ ಹೇಳುವುದೆಲ್ಲ ಹೀಗೇ” ಎಂಬ ತೀರ್ಮಾನಕ್ಕೆ ಬರುತ್ತದೆ.

ನಿಜವಾದ ಉತ್ತರ ಇದಕ್ಕಿಂತ ಸರಳ, ಇದಕ್ಕಿಂತ ಚೆಂದ. ದಕ್ಷಿಣ ಯಮನ ದಿಕ್ಕು, ಉತ್ತರ ಕುಬೇರನ ದಿಕ್ಕು ಎಂದು ನಮ್ಮ ಹಿರಿಯರು ಪ್ರತಿ ದಿಕ್ಕಿಗೂ ಒಬ್ಬ ಒಡೆಯನನ್ನು ಕಲ್ಪಿಸಿಕೊಂಡಿದ್ದರು. ಶಿವ ಬಾಲಕನ ತಲೆ ಕಡಿದ ಮೇಲೆ, ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಪ್ರಾಣಿಯ ತಲೆಯನ್ನು ತರಲು ಗಣಗಳಿಗೆ ಹೇಳಿದ. ಅವರಿಗೆ ಆನೆ ಸಿಕ್ಕಿತು ಎಂಬ ಕಥೆಯನ್ನು ನಮ್ಮ ಅಜ್ಜಿಯಂದಿರು ಹೇಳುತ್ತ ಬಂದಿದ್ದಾರೆ. ಹಾಗೆ ಮಲಗಿದರೆ ನಿನ್ನ ತಲೆಯನ್ನೂ ತೆಗೆದುಕೊಂಡು ಹೋದಾರು ಎಂದು ಮೊಮ್ಮಕ್ಕಳನ್ನು ಹೆದರಿಸಿ ನಗಿಸಿದ್ದಾರೆ. ಇದು ಕಥೆ. ಕಥೆಯನ್ನು ಕಥೆಯೆಂದೇ ಕೊಟ್ಟರೆ ಮಗು ಸಂತೋಷದಿಂದ ತೆಗೆದುಕೊಳ್ಳುತ್ತದೆ, ಮುಂದೆ ತನ್ನ ಮಕ್ಕಳಿಗೂ ಹೇಳುತ್ತದೆ. ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಹಚ್ಚಿ ಆರಿಸುವುದಕ್ಕೆ ವಿಜ್ಞಾನದ ಕಾರಣ ಕೊಡಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಆಚರಣೆಗಳಿಗೆ ಮಾತ್ರ ಪ್ರಯೋಗಾಲಯದ ಸರ್ಟಿಫಿಕೇಟ್ ಯಾಕೆ ಬೇಕು?

ಆದ್ದರಿಂದ ನಾಲ್ಕನೆಯ ಉತ್ತರವೊಂದನ್ನು ನಿಮ್ಮ ಮುಂದಿಡುತ್ತೇನೆ. ಅದು ಚರಿತ್ರೆ. ಈ ಆಚರಣೆ ಎಲ್ಲಿಂದ ಬಂತು, ಯಾವಾಗ ಬದಲಾಯಿತು, ಅದರಿಂದ ಯಾರಿಗೆ ಸಂತೋಷವಾಯಿತು, ಯಾರಿಗೆ ನೋವಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುವುದು.

ತಿಥಿಯ ಅಡುಗೆಯನ್ನು ನೋಡಿ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅಂದು ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಬಳಸುವುದಿಲ್ಲ. ಬಾಳೆಕಾಯಿ, ಹಾಗಲಕಾಯಿ, ಹೆಸರುಬೇಳೆ ಇರುತ್ತವೆ. ಖಾರಕ್ಕೆ ಕಾಳುಮೆಣಸು ಇರುತ್ತದೆ. ಪುರಿಯ ಜಗನ್ನಾಥ ದೇವಸ್ಥಾನದ ಮಹಾಪ್ರಸಾದದಲ್ಲೂ ಆಲೂಗಡ್ಡೆ, ಟೊಮ್ಯಾಟೊ ಇಲ್ಲ. ಇದರಲ್ಲಿ ಆರೋಗ್ಯದ ಗುಟ್ಟು ಹುಡುಕಬೇಕಾಗಿಲ್ಲ. ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರು ಮತ್ತು ಇತರ ಯುರೋಪಿಯನ್ನರ ಹಡಗುಗಳಲ್ಲಿ ಅವು ನಮ್ಮೂರಿಗೆ ಬಂದವು. ದಿನನಿತ್ಯದ ಅಡುಗೆಮನೆ ಹೊಸ ತರಕಾರಿಗಳನ್ನು ಬರಮಾಡಿಕೊಂಡಿತು. ಹಿರಿಯರಿಗೆ ಬಡಿಸುವ ಎಲೆ ಮಾತ್ರ ಹಳೆಯ ರುಚಿಯನ್ನೇ ಉಳಿಸಿಕೊಂಡಿತು. ಕನ್ನಡದ ಪದವೂ ಈ ಕಥೆಯನ್ನೇ ಹೇಳುತ್ತದೆ. ನಮ್ಮ ಹಳೆಯ ಖಾರ ‘ಮೆಣಸು’. ಹೊಸದಾಗಿ ಬಂದ ಖಾರದ ಕಾಯಿಗೆ ಅದರ ಹೆಸರನ್ನೇ ಸೇರಿಸಿ ‘ಮೆಣಸಿನಕಾಯಿ’ ಎಂದು ಕರೆದೆವು. ಮಕ್ಕಳೇ, ನೀವು ಹುಟ್ಟಿದ ಈ ಖಂಡದ ತರಕಾರಿ ನಮ್ಮ ಊರಿನ ಸಾರಿನೊಳಗೆ ಹೊಕ್ಕಿದ್ದು ಹೀಗೆ!

ಸಾರ್ವಜನಿಕ ಗಣೇಶೋತ್ಸವವನ್ನು ನಾವು ಅನಾದಿ ಕಾಲದ್ದೆಂದು ಭಾವಿಸುತ್ತೇವೆ. ಮನೆಯ ಗಣಪತಿ ಪೂಜೆ ಹಳೆಯದು ನಿಜ. ಆದರೆ ಪೆಂಡಾಲ್ ಹಾಕಿ, ಚಂದಾ ಎತ್ತಿ, ಬೀದಿಯಲ್ಲಿ ಮೆರವಣಿಗೆ ಮಾಡುವ ಇಂದಿನ ರೂಪ ಬೆಳೆದದ್ದು 1890ರ ದಶಕದ ಪುಣೆಯಲ್ಲಿ. 1893ರ ಹೊತ್ತಿಗೆ ಬಾಲಗಂಗಾಧರ ತಿಲಕರು ತಮ್ಮ ‘ಕೇಸರಿ’ ಪತ್ರಿಕೆಯ ಮೂಲಕ ಅದಕ್ಕೆ ಬೆಂಬಲ ಕೊಟ್ಟರು. ಬ್ರಿಟಿಷರ ಆಳ್ವಿಕೆಯಲ್ಲಿ ಜನ ಒಂದೆಡೆ ಸೇರಲು, ಭಾಷಣ ಕೇಳಲು ಹಬ್ಬ ಒಂದು ದಾರಿಯಾಯಿತು. ಮೈಸೂರು ದಸರಾವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರು. ಅದಕ್ಕೆ ಮಾದರಿ ವಿಜಯನಗರದ ಮಹಾನವಮಿ. ಮೊದಲು ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದರು. ರಾಜಪ್ರಭುತ್ವ ಹೋದ ಮೇಲೆ ಅಲ್ಲಿ ಚಾಮುಂಡೇಶ್ವರಿ ಬಂದಳು. ಆಯುಧಪೂಜೆಯಲ್ಲಿ ರಾಜರ ಕತ್ತಿಗೆ ಇಟ್ಟ ಕುಂಕುಮ ಇಂದು ಬಸ್ಸಿಗೆ, ಆಟೋರಿಕ್ಷಾಕ್ಕೆ, ಹೊಲಿಗೆ ಯಂತ್ರಕ್ಕೆ, ನಮ್ಮ ಮನೆಯ ಲ್ಯಾಪ್‌ಟಾಪಿಗೆ ಬಂದಿದೆ. ನಮ್ಮ ಹಬ್ಬಗಳು ಉಳಿದಿರುವುದು ಬದಲಾಗದೆ ಇದ್ದದ್ದರಿಂದ ಅಲ್ಲ, ಕಾಲಕ್ಕೆ ತಕ್ಕಂತೆ ಬದಲಾದದ್ದರಿಂದ.

ಇಲ್ಲಿಯವರೆಗೆ ಹೇಳಿದ್ದು ಸಿಹಿಯಾದ ಭಾಗ. ಚರಿತ್ರೆ ಹೇಳುತ್ತೇವೆಂದ ಮೇಲೆ ಕಹಿಯನ್ನೂ ಹೇಳಬೇಕು. ಬೇವು-ಬೆಲ್ಲ ಎರಡನ್ನೂ ಬಾಯಿಗೆ ಹಾಕಿಕೊಂಡು ವರ್ಷ ಆರಂಭಿಸುವವರು ನಾವು.

ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಆರನೇ ತರಗತಿಯ ಸಮಾಜ ಪಾಠದಲ್ಲಿ ಪ್ರಾಚೀನ ಭಾರತದ ಅಧ್ಯಾಯವಿದೆ. ಅದರಲ್ಲಿ ಜಾತಿಪದ್ಧತಿಯ ವಿಷಯ ಬರುತ್ತದೆ. ಮಗು ಮನೆಗೆ ಬಂದು ಜಾತಿಯ ಬಗ್ಗೆ ಕೇಳಿದಾಗ ಹಲವರು “ಅದೆಲ್ಲ ಈಗ ಇಲ್ಲ” ಎನ್ನುತ್ತಾರೆ. ಇನ್ನು ಕೆಲವರು “ಅದು ಬರೀ ಕೆಲಸದ ಹಂಚಿಕೆ” ಎನ್ನುತ್ತಾರೆ, ಅಥವಾ “ಬ್ರಿಟಿಷರು ಮಾಡಿದ್ದು” ಎನ್ನುತ್ತಾರೆ. ಬ್ರಿಟಿಷರ ಜನಗಣತಿ ಜಾತಿಗಳನ್ನು ಪಟ್ಟಿ ಮಾಡಿ ಅವುಗಳ ಗೆರೆಗಳನ್ನು ಗಟ್ಟಿಗೊಳಿಸಿತು ಎನ್ನುವುದು ನಿಜ. ಆದರೆ ಅವರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ, 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿಯ ವಿರುದ್ಧ ನಿಂತಿದ್ದರು. ಇಲ್ಲದ ರೋಗಕ್ಕೆ ಯಾರೂ ಔಷಧಿ ಹುಡುಕುವುದಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆ ತಂದೆಯರಿಬ್ಬರೂ ಪ್ರಾಣ ತೆರಬೇಕಾಯಿತು ಎಂದು ಶರಣ ಪರಂಪರೆ ಹೇಳುತ್ತದೆ.

ಇನ್ನೂ ಹತ್ತಿರದ ಕಾಲಕ್ಕೆ ಬನ್ನಿ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆಯಿತು. ಅಲ್ಲಿನ ಜನ ಕೇಳಿದ್ದು ದೇವಸ್ಥಾನದ ಒಳಗೆ ಹೋಗುವ ಹಕ್ಕನ್ನಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕನ್ನು. ತಿರುವಾಂಕೂರಿನ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಲು 1936ರ ನವೆಂಬರ್ 12ರವರೆಗೆ ಕಾಯಬೇಕಾಯಿತು. 1927ರಲ್ಲಿ ಮಹಾಡ್‌ನ ಕೆರೆಯ ನೀರು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಬೇಕಾಯಿತು. ಒಂದು ಬೊಗಸೆ ನೀರಿಗೆ! ಕೊನೆಗೆ 1956ರಲ್ಲಿ ಅವರು ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮ ಸ್ವೀಕರಿಸಿದರು. ಅವರು ನಮ್ಮನ್ನು ಬಿಟ್ಟು ಹೋದದ್ದು ಯಾಕೆ ಎಂಬ ಪ್ರಶ್ನೆಯನ್ನು ಹಿಂದೂಗಳಾದ ನಾವು ನಮ್ಮ ಮಕ್ಕಳ ಜೊತೆ ಕೂತು ಮಾತಾಡಬೇಕು.

ಅದೇ ಹೊತ್ತಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಅನ್ಯಾಯದ ವಿರುದ್ಧ ಹೋರಾಡಿದವರಲ್ಲಿ ಹಿಂದೂ ಸಮಾಜದ ಒಳಗಿನವರೇ ಬಹಳ ಜನ ಇದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರು 19ನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಅದಕ್ಕಾಗಿ ಅವರ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂದೆಗೆಯಲಿಲ್ಲ. ವೈಕಂನ ರಸ್ತೆಯಲ್ಲಿ ದಲಿತರ, ಈಳವರ ಜೊತೆಗೆ ಸವರ್ಣ ಹಿಂದೂಗಳೂ ಕೂತಿದ್ದರು. ಹಾಗಾಗಿ ಮಗುವಿಗೆ ನೀವು ಕೊಡುವ ಚರಿತ್ರೆಯಲ್ಲಿ ನಾಚಿಕೆಪಡುವುದೂ ಇದೆ, ಹೆಮ್ಮೆಪಡುವುದೂ ಇದೆ. ನಾಚಿಕೆಯದನ್ನು ಬಚ್ಚಿಟ್ಟರೆ ಹೆಮ್ಮೆಯದಕ್ಕೂ ಅರ್ಥ ಉಳಿಯುವುದಿಲ್ಲ. ಅಸ್ಪೃಶ್ಯತೆಯೇ ಇರಲಿಲ್ಲವೆಂದಾದರೆ ಬಸವಣ್ಣ ಯಾಕೆ ದೊಡ್ಡವನು, ಕನಕದಾಸರು ಯಾಕೆ ದೊಡ್ಡವರು?

“ಅದೆಲ್ಲ ಮುಗಿದ ಕಥೆ” ಎನ್ನುವವರಿಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ತಾರತಮ್ಯ ವಿರೋಧಿ ಕಾನೂನಿಗೆ ‘ಜಾತಿ’ ಎಂಬ ಪದವನ್ನು ಸೇರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಇಂಥದೇ ಮಸೂದೆಯನ್ನು ಒಪ್ಪಿತು. ಈಗಿರುವ ಕಾನೂನೇ ಸಾಕೆಂದು ಗವರ್ನರ್ ಅದನ್ನು ತಡೆದರು. ಈ ಕಾನೂನುಗಳು ಬೇಕೋ ಬೇಡವೋ ಎಂಬುದರ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ, ಇರಲಿ. ಆದರೆ ಚರ್ಚೆ ನಮ್ಮ ಮನೆಬಾಗಿಲಿಗೆ ಬಂದಿದೆ. ನಮ್ಮ ಮಕ್ಕಳು ಅದನ್ನು ಬೇರೆಯವರ ಬಾಯಿಂದ ಮೊದಲು ಕೇಳಬೇಕೇ, ನಮ್ಮ ಬಾಯಿಂದಲೇ?

ಇನ್ನು ಹೆಣ್ಣುಮಕ್ಕಳ ವಿಷಯ. 1894ರಲ್ಲಿ ಮೈಸೂರು ಸಂಸ್ಥಾನ ಒಂದು ಕಾನೂನು ತಂದಿತು: 8 ವರ್ಷದೊಳಗಿನ ಹುಡುಗಿಯರ ಮದುವೆ ಮಾಡುವಂತಿಲ್ಲ. ಎಂಟು ವರ್ಷ ಎಂದರೆ ನಮ್ಮ ಶಾಲೆಯಲ್ಲಿ ಒತ್ತಕ್ಷರ ಕಲಿಯುವ ವಯಸ್ಸು. ಅಂಥ ಕಾನೂನೊಂದು ಬೇಕಾಗಿತ್ತು ಎಂದರೆ ಅಂದಿನ ಪದ್ಧತಿ ಹೇಗಿತ್ತೆಂದು ಊಹಿಸಿ. ಆಗಲೂ “ಧರ್ಮದಲ್ಲಿ ಕೈ ಹಾಕಬೇಡಿ” ಎಂದವರಿದ್ದರು. 1929ರ ಶಾರದಾ ಕಾಯಿದೆ ಹುಡುಗಿಯರ ಮದುವೆಯ ವಯಸ್ಸನ್ನು 14ಕ್ಕೆ ಏರಿಸಿತು. 1978ರಲ್ಲಿ ಅದು 18 ಆಯಿತು. ಮನೆತನದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ, ಇಡೀ ಭಾರತ 2005ರಲ್ಲಿ ಕಾನೂನು ಮಾಡಿದವು. ಇವುಗಳಿಂದ ಹಿಂದೂ ಧರ್ಮ ಮುಳುಗಲಿಲ್ಲ. ಇಂದು ನಮ್ಮಲ್ಲಿ ಯಾರೂ ಆ ಹಳೆಯ ಪದ್ಧತಿ ಮರಳಲಿ ಎಂದು ಬಯಸುವುದಿಲ್ಲ.

ಆದರೆ ಒಂದು ಪದ್ಧತಿ ಇನ್ನೂ ನಮ್ಮ ಸೂಟ್‌ಕೇಸುಗಳಲ್ಲಿ ಸಮುದ್ರ ದಾಟಿ ಬರುತ್ತಿದೆ. ಮುಟ್ಟಾದ ಹುಡುಗಿ ದೇವರ ಕೋಣೆಗೆ ಬರಬಾರದು, ಹಬ್ಬದ ದಿನವಾದರೂ ಆಚೆ ನಿಲ್ಲಬೇಕು. ಮನೆತುಂಬ ನೆಂಟರಿರುವಾಗ ಹದಿಮೂರರ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಒಂಟಿಯಾಗಿ ಕೂತಿರುವುದು, ಎಲ್ಲರಿಗೂ ಕಾರಣ ಗೊತ್ತಾಗುವುದು, ಯಾರೂ ಮಾತಾಡದಿರುವುದು ಎಷ್ಟು ಕಷ್ಟವೆಂದು ಯೋಚಿಸಿ. ಇದಕ್ಕೂ ‘ವಿಜ್ಞಾನ’ ಸಿದ್ಧವಾಗಿದೆ: “ವಿಶ್ರಾಂತಿ ಸಿಗಲಿ ಎಂದು ಹಿರಿಯರು ಮಾಡಿದ್ದು.” ವಿಶ್ರಾಂತಿ ಬೇಕಾದವಳಿಗೆ ಧಾರಾಳವಾಗಿ ಕೊಡಿ. ವಿಶ್ರಾಂತಿ ಕೊಡಲು ಮಂಗಳಾರತಿಯಿಂದ ದೂರ ಇಡಬೇಕಾಗಿಲ್ಲ.

ನಮ್ಮ ಪರಂಪರೆ ಈ ವಿಷಯದಲ್ಲಿ ಒಂದೇ ಮಾತು ಹೇಳಿಲ್ಲ. ತುಳುನಾಡಿನಲ್ಲಿ ಫೆಬ್ರವರಿಯ ಸುಮಾರಿಗೆ ‘ಕೆಡ್ಡಸ’ ಎಂಬ ಹಬ್ಬವಿದೆ. ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬ ನಂಬಿಕೆಯಿಂದ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಹೆಂಗಸರು ನೆಲಕ್ಕೆ ಎಣ್ಣೆ, ಅರಿಶಿನ ಇಟ್ಟು ಉಪಚರಿಸುತ್ತಾರೆ. ಅಸ್ಸಾಮಿನ ಗುವಾಹಟಿಯ ಕಾಮಾಖ್ಯ ದೇವಸ್ಥಾನದಲ್ಲಿ ಜೂನ್ ತಿಂಗಳ ಅಂಬುಬಾಚಿಯಲ್ಲಿ ದೇವಿ ಮುಟ್ಟಾಗುತ್ತಾಳೆಂದು ಮೂರು ದಿನ ಬಾಗಿಲು ಮುಚ್ಚಿ, ಆಮೇಲೆ ತೆರೆಯುತ್ತಾರೆ. ಅದಕ್ಕಾಗಿ ಲಕ್ಷಾಂತರ ಭಕ್ತರು ಸೇರುತ್ತಾರೆ. ಭೂಮಿ ಮುಟ್ಟಾದರೆ ಹಬ್ಬ, ದೇವಿ ಮುಟ್ಟಾದರೆ ಜಾತ್ರೆ, ಮಗಳು ಮುಟ್ಟಾದರೆ ಮಾತ್ರ ಮೈಲಿಗೆ ಎನ್ನುವುದು ಯಾವ ನ್ಯಾಯ? ನಿಮ್ಮ ಮಗಳಿಗೆ ಕೆಡ್ಡಸದ ಕಥೆ ಹೇಳಿ. ಆಮೇಲೆ ಅವಳ ಕೈಗೆ ಆರತಿ ತಟ್ಟೆ ಕೊಡಿ.

“ಸಂಪ್ರದಾಯವನ್ನು ನಮಗೆ ಬೇಕಾದಂತೆ ಬದಲಾಯಿಸಲು ನಾವು ಯಾರು?” ಎಂದು ಕೆಲವು ಹಿರಿಯರು ಕೇಳಬಹುದು. ಗೌರವದಿಂದಲೇ ಉತ್ತರಿಸುತ್ತೇನೆ: ನಾವು ಈಗಾಗಲೇ ಬದಲಾಯಿಸಿದ್ದೇವೆ. ಬುಧವಾರದ ಹಬ್ಬವನ್ನು ಶನಿವಾರಕ್ಕೆ ತಂದಿದ್ದೇವೆ. ಉಪನಯನವನ್ನು ಶಾಲೆಯ ರಜೆ ನೋಡಿ ಇಟ್ಟಿದ್ದೇವೆ. ಗಣಪತಿಯನ್ನು ಬಕೆಟ್ಟಿನಲ್ಲಿ ವಿಸರ್ಜಿಸಿದ್ದೇವೆ. ಸ್ಮೋಕ್ ಅಲಾರಂ ಕೂಗುತ್ತದೆಂದು ಹೋಮವನ್ನು ಚಿಕ್ಕದು ಮಾಡಿದ್ದೇವೆ, ಪುರೋಹಿತರನ್ನು ಜೂಮ್‌ನಲ್ಲಿ ಕರೆದಿದ್ದೇವೆ. ಇದಾವುದೂ ತಪ್ಪಲ್ಲ. ಆದರೆ ಅನುಕೂಲಕ್ಕಾಗಿ ಇಷ್ಟೆಲ್ಲ ಬದಲಾಯಿಸಿದವರು, ಒಬ್ಬ ಹುಡುಗಿಯ ಮರ್ಯಾದೆಗಾಗಿ, ಒಬ್ಬ ಸ್ನೇಹಿತನ ಸಮಾನತೆಗಾಗಿ ಬದಲಾಯಿಸಲು ಹಿಂಜರಿಯಬಾರದು. ಕುವೆಂಪು ಅವರು ಅದ್ಧೂರಿ, ವರದಕ್ಷಿಣೆ, ಜಾತಿ ಯಾವುದೂ ಬೇಡದ ಸರಳ ಮದುವೆಗೆ ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿದರು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಕಾಗಿಲ್ಲ ಎಂಬುದು ನಮ್ಮದೇ ಗಾದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. “ಇಲ್ಲಿ ನಮ್ಮ ಮಕ್ಕಳು ಅಲ್ಪಸಂಖ್ಯಾತರು. ಹಣೆಯ ಕುಂಕುಮಕ್ಕೆ, ಊಟದ ಡಬ್ಬಿಗೆ ಈಗಾಗಲೇ ಗೇಲಿ ಕೇಳುತ್ತಾರೆ. ನಾವೂ ಕೆಟ್ಟದ್ದನ್ನೇ ಹೇಳಿದರೆ ಅವರು ಧರ್ಮವನ್ನೇ ಬಿಟ್ಟುಬಿಡುವುದಿಲ್ಲವೇ?” ಈ ಆತಂಕ ನಿಜವಾದದ್ದು. ಇಡೀ ಹಿಂದೂ ಧರ್ಮವನ್ನು ಜಾತಿಯೊಂದಕ್ಕೇ ಇಳಿಸುವ ಪಾಠಗಳ ಬಗ್ಗೆ ಪೋಷಕರಿಗೆ ಸಿಟ್ಟು ಬರುವುದರಲ್ಲೂ ನ್ಯಾಯವಿದೆ. ಆದರೆ ಅಂಥ ಪಾಠವನ್ನು ಮಗು ಸರಿಯಾಗಿ ಅಳೆಯಬೇಕಾದರೆ ಪೂರ್ತಿ ಕಥೆ ಮೊದಲೇ ಗೊತ್ತಿರಬೇಕು. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಗುಲಾಮಗಿರಿಯ ಚರಿತ್ರೆ ಓದುತ್ತಾರೆ. ಅದರಿಂದ ಅಮೆರಿಕವನ್ನು ಪ್ರೀತಿಸುವುದನ್ನು ಬಿಡುವುದಿಲ್ಲ. ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್ ಯಾಕೆ ದೊಡ್ಡವರೆಂದು ಅವರಿಗೆ ಅರ್ಥವಾಗುವುದೇ ಆ ಪಾಠದಿಂದ. ಮಕ್ಕಳು ಧರ್ಮದಿಂದ ದೂರ ಹೋಗುವುದು ಕಹಿ ಸತ್ಯ ಕೇಳಿದ್ದರಿಂದಲ್ಲ, ಮನೆಯವರು ಸತ್ಯ ಮುಚ್ಚಿಟ್ಟರೆಂದು ಅನ್ನಿಸಿದ್ದರಿಂದ.

ಹಾಗಾದರೆ ಏನು ಮಾಡೋಣ? ಪೋಷಕರೇ, ಮುಂದಿನ ಸಲ ಮಗು ‘ಯಾಕೆ?’ ಎಂದಾಗ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಹುಡುಕೋಣ” ಎನ್ನಿ. ವಾಟ್ಸ್ಯಾಪಿನ ವಿಜ್ಞಾನವನ್ನು ಮಾತ್ರ ಮಗುವಿನ ಕೈಗೆ ದಾಟಿಸಬೇಡಿ. ಕಥೆಯನ್ನು ಕಥೆ ಎಂದು, ನಂಬಿಕೆಯನ್ನು ನಂಬಿಕೆ ಎಂದು, ಅನ್ಯಾಯವನ್ನು ಅನ್ಯಾಯ ಎಂದು ಕರೆಯಿರಿ.

ಮಕ್ಕಳೇ, ನಿಮಗೂ ಒಂದು ಕೆಲಸ. ನವರಾತ್ರಿಗೆ ಮೊದಲು ನಿಮ್ಮ ಮನೆಯ ಒಂದು ಆಚರಣೆಯನ್ನು ಆರಿಸಿಕೊಳ್ಳಿ. ಗೂಗಲ್ಲನ್ನು ಕೇಳುವ ಮೊದಲು ಅಜ್ಜಿ ತಾತನಿಗೆ ಫೋನ್ ಮಾಡಿ: ಇದು ಎಲ್ಲಿಂದ ಬಂತು? ನೀವು ಚಿಕ್ಕವರಿದ್ದಾಗ ಹೇಗಿತ್ತು? ಇದರಿಂದ ಯಾರಾದರೂ ಹೊರಗೆ ಉಳಿಯುತ್ತಿದ್ದರೇ? “ನನಗೆ ಗೊತ್ತಿಲ್ಲ ಮಗು, ನಮ್ಮಮ್ಮ ಮಾಡುತ್ತಿದ್ದರು” ಎಂದು ಅಜ್ಜಿ ಅಂದರೆ ಅದೂ ಪ್ರಾಮಾಣಿಕ ಉತ್ತರವೇ, ಅದನ್ನೂ ಗೌರವದಿಂದ ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಹತ್ತು ಸಾಲು ಬರೆದು ತರಗತಿಗೆ ತನ್ನಿ. ತಪ್ಪು ಒತ್ತಕ್ಷರಗಳಿದ್ದರೂ ಪರವಾಗಿಲ್ಲ. ಅದನ್ನು ನಾವು ತಿದ್ದುತ್ತೇವೆ. ಕೇಳುವ ಧೈರ್ಯ ಮಾತ್ರ ನಿಮ್ಮದೇ ಆಗಿರಬೇಕು.